ಓದುಗರ ಪ್ರಶ್ನೆ: ಪರದೆಯ ಮೇಲೆ ಪಶ್ಚಿಮ ಘಟ್ಟ

ಪ್ರಶ್ನೆ: ಮಕ್ಕಳಿಗೆ ಪಶ್ಚಿಮ ಘಟ್ಟದ ಅಡ್ಡಛೇದ ತೋರಿಸಲು ಗೂಗಲ್ ಅರ್ಥ್ ಪ್ರೊ ಹಾಕಿಕೊಂಡಿದ್ದೇನೆ. ಒಮ್ಮೊಮ್ಮೆ ಎತ್ತರವೆಲ್ಲ ಸೊನ್ನೆ ತೋರಿಸುತ್ತದೆ. ಸರಿಯಾಗಿ ಬಂದಾಗಲೂ ಘಟ್ಟ ಗೋಡೆಯ ಹಾಗೆ ನಿಂತಿರುತ್ತದೆ. ಏಕೆ?
– ಶಿಕ್ಷಕಿ, ಉಡುಪಿ ಜಿಲ್ಲೆ

ಉತ್ತರ: ಸೊನ್ನೆ ಬಂದರೆ ಎಡಗಡೆಯ ಲೇಯರ್ಸ್ ಪಟ್ಟಿಯಲ್ಲಿ 'ಟೆರೇನ್'ಗೆ ಟಿಕ್ ಬಿದ್ದಿಲ್ಲವೆಂದೇ ತಿಳಿಯಿರಿ. ಟಿಕ್ ಹಾಕಿ 'ಆಡ್ ಪಾತ್' ಒತ್ತಿ. ಮಲ್ಪೆ, ಆಗುಂಬೆ, ಶಿವಮೊಗ್ಗ, ಹೀಗೆ ಮೂರು ಕಡೆ ಕ್ಲಿಕ್ ಮಾಡಿ ಓಕೆ ಕೊಡಿ. 'ಪ್ಲೇಸಸ್' ಪಟ್ಟಿಯಲ್ಲಿ ಆ ಗೆರೆಯ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಶೋ ಎಲಿವೇಶನ್ ಪ್ರೊಫೈಲ್' ಸಿಗುತ್ತದೆ; ಒತ್ತಿದರೆ ಅಡ್ಡಛೇದದ ಗ್ರಾಫ್ ಬರುತ್ತದೆ.

ಇನ್ನು ಗೋಡೆಯ ವಿಷಯ. ಕಿಟಕಿ ತುಂಬಲೆಂದು ಗ್ರಾಫ್ ಎತ್ತರವನ್ನು ಎಳೆದು ಹಿಗ್ಗಿಸುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಕ್ಕಳ ಕೈಯಲ್ಲೇ ಬರೆಸಿ. ನೇರ ಗೆರೆಯಲ್ಲಿ ಮಲ್ಪೆಯಿಂದ ಆಗುಂಬೆಗೆ ಸುಮಾರು 45 ಕಿ.ಮೀ., ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 70. ಗ್ರಾಫ್ ಹಾಳೆಯನ್ನು ಅಡ್ಡ ಹಿಡಿದು 5 ಕಿ.ಮೀ.ಗೆ 1 ಸೆಂ.ಮೀ. ಇಟ್ಟರೆ ಒಟ್ಟು 23 ಸೆಂ.ಮೀ. ಆಗುಂಬೆಯ ಸುಮಾರು 650 ಮೀಟರ್ ಎತ್ತರ ಅದೇ ಅಳತೆಯಲ್ಲಿ ಬರೀ 1.3 ಮಿ.ಮೀ.! ಅದರ ಕೆಳಗೆ ಎತ್ತರಕ್ಕೆ ಮಾತ್ರ 100 ಮೀಟರಿಗೆ 1 ಸೆಂ.ಮೀ. ಇಟ್ಟು ಮತ್ತೊಮ್ಮೆ ಬರೆಸಿ: 6.5 ಸೆಂ.ಮೀ., ಅಂದರೆ 50 ಪಟ್ಟು ಹಿಗ್ಗಿದ ಘಟ್ಟ. ಪಠ್ಯಪುಸ್ತಕದ ಚಿತ್ರಗಳೂ ಇಂಥವೇ. ಎಷ್ಟು ಪಟ್ಟು ಎಂದು ಪಕ್ಕದಲ್ಲಿ ಬರೆದಿರುವುದು ಅಪರೂಪ. ಪಡುವಣಕ್ಕೆ ಕಡಿದು, ಮೂಡಣಕ್ಕೆ ನಿಧಾನವಾಗಿ ಇಳಿಯುವ ರೂಪ ಮಾತ್ರ ಎರಡನೆಯದರಲ್ಲೇ ಚೆನ್ನಾಗಿ ಕಾಣುತ್ತದೆ.

ಶಾಲೆಯಲ್ಲಿ ನೆಟ್ ನೆಚ್ಚಬೇಡಿ. ಮನೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಯುಎಸ್‌ಜಿಎಸ್ (ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ) ಭೂಕಂಪ ನಕ್ಷೆ ನೋಡಿದ ಮಕ್ಕಳು 'ಅಮೆರಿಕದಲ್ಲೇ ಜಾಸ್ತಿ ನಡುಗುತ್ತದೆ' ಎನ್ನುತ್ತಾರೆ. ಲಾತೂರ್ ಭೂಕಂಪ ಹುಡುಕಿದರೆ ಆ ದಿನದಲ್ಲಿ ಸಿಗಲೇ ಇಲ್ಲ.
– ಶಿಕ್ಷಕರು, ಬೀದರ್

ಉತ್ತರ: ಮಕ್ಕಳ ತಪ್ಪಲ್ಲ. ಸಣ್ಣ ಕಂಪನಗಳು ದಾಖಲಾಗುವುದು ಮಾಪಕಗಳು ಒತ್ತೊತ್ತಾಗಿರುವ ಕಡೆ; ಕ್ಯಾಲಿಫೋರ್ನಿಯಾ, ಅಲಾಸ್ಕಾಗಳ ಮೇಲೆ ಚುಕ್ಕೆ ಕಿಕ್ಕಿರಿಯುವುದಕ್ಕೆ ಇದೂ ಒಂದು ಕಾರಣ. 'ಸರ್ಚ್ ಕ್ಯಾಟಲಾಗ್'ನಲ್ಲಿ ಕನಿಷ್ಠ ತೀವ್ರತೆ 5 ಎಂದು ಕೊಟ್ಟು ಐದು ವರ್ಷದ ದಾಖಲೆ ತೆಗೆಯಿರಿ. ಅಷ್ಟು ದೊಡ್ಡವು ಎಲ್ಲಿ ಆದರೂ ಸಿಕ್ಕಿಬೀಳುತ್ತವೆ, ಭೂಮಿಯ ಹೊರಪದರದ ಫಲಕಗಳ (ಪ್ಲೇಟ್) ಅಂಚು ತಾನಾಗಿ ಮೂಡುತ್ತದೆ. ಒಂದೇ ಸಲಕ್ಕೆ 20,000ಕ್ಕಿಂತ ಹೆಚ್ಚು ದಾಖಲೆ ಕೇಳಿದರೆ ಕೊಡುವುದಿಲ್ಲ; ವರ್ಷಗಳನ್ನು ಕಡಿಮೆ ಮಾಡಿ.

ಲಾತೂರ್ ಕಂಪಿಸಿದ್ದು 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ. ಪಟ್ಟಿಯಲ್ಲಿರುವುದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ. ಅಷ್ಟು ಕಳೆಯಿರಿ, 29ರ ರಾತ್ರಿಯಲ್ಲಿ ಸಿಗುತ್ತದೆ.

ಪ್ರಶ್ನೆ: ಸರ್ವೆ ಆಫ್ ಇಂಡಿಯಾ ಟೋಪೋಶೀಟ್ (ಸ್ಥಳಾಕೃತಿ ನಕ್ಷೆ) ಇಳಿಸಿಕೊಂಡು ಪ್ರಿಂಟ್ ತೆಗೆದೆ. ಅಳತೆ ಹೊಂದುತ್ತಿಲ್ಲ.
– ಬಿ.ಎಡ್. ವಿದ್ಯಾರ್ಥಿ, ಹಾವೇರಿ

ಉತ್ತರ: 1:50,000 ಹಾಳೆಯಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. 'ಫಿಟ್ ಟು ಪೇಜ್' ಒತ್ತಿದ ಕೂಡಲೇ ಆ ಲೆಕ್ಕ ಹೋಯಿತು. 'ಆಕ್ಚುವಲ್ ಸೈಜ್' ಆರಿಸಿ, ಬೇಕಾದ ಭಾಗವನ್ನಷ್ಟೇ ಎ4 ಹಾಳೆಗಳಲ್ಲಿ ತೆಗೆದು ಅಂಟಿಸಿಕೊಳ್ಳಿ. ಈಗಾಗಲೇ ಕುಗ್ಗಿದ ಪ್ರಿಂಟ್ ಎಸೆಯಬೇಕಿಲ್ಲ: ಕೆಳಗಿರುವ ಅಳತೆಪಟ್ಟಿಯೂ ನಕ್ಷೆಯ ಜೊತೆಗೇ ಕುಗ್ಗಿರುತ್ತದೆ, ದಾರ ಹಿಡಿದು ಅದರ ಮೇಲೇ ಅಳೆಯಿರಿ.