ಒಂಟೆಯ ಕತ್ತಿನ ಮೇಲಿನ ಬಿಳಿ ಗೆರೆ

ನಮಸ್ಕಾರ,

ಸೂಡಾನ್ ಯುದ್ಧದ ಬಗ್ಗೆ ಆಗಿನ ಲಂಡನ್ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ಕುರಿತ ನಿಮ್ಮ ‘ಮರಳುಗಾಡಿನ ಯುದ್ಧ: ಕಣ್ಣಾರೆ ಕಂಡ ಚಿತ್ರಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ, ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ತೆಗೆದುಬಿಡಿ. ಜನರಲ್ ಗಾರ್ಡನ್ ಮತ್ತು ವೂಲ್ಸ್ಲಿ ಎಲ್ಲಿ ಹುಟ್ಟಿದರು, ಏನು ಓದಿದರು ಎಂಬುದು ಇಲ್ಲಿ ಬೇಕಿಲ್ಲ. ಮಹದಿ ಎಂಬ ಧಾರ್ಮಿಕ ನಾಯಕನ ಪಡೆ ಮುತ್ತಿದ್ದ ಸೂಡಾನಿನ ಖಾರ್ಟೂಮ್ ನಗರದಲ್ಲಿ ಸಿಕ್ಕಿಬಿದ್ದ ಗಾರ್ಡನ್‌ನನ್ನು ಬಿಡಿಸಲು ವೂಲ್ಸ್ಲಿಯ ಕೈಕೆಳಗೆ ಬ್ರಿಟಿಷ್ ಸೇನೆ 1884ರಲ್ಲಿ ಸೂಡಾನಿಗೆ ಹೊರಟಿತು ಎಂದರೆ ಸಾಕು.

ನಿಜವಾದ ಲೇಖನ ನಿಮ್ಮ ಮೂರನೇ ಪುಟದಲ್ಲಿದೆ. ಆ ಸೇನೆಯ ದಾರಿಯಲ್ಲಿ ನಡೆದ ಅಬು ಕ್ಲಿಯಾ ಕದನದ ಚಿತ್ರದ ಬಗ್ಗೆ ಹೇಳುತ್ತಾ, ‘ಒಂಟೆಯ ಕತ್ತಿನ ಮೇಲೆ ಒಂದು ಸಣ್ಣ ಬಿಳಿ ಗೆರೆ ನೇರವಾಗಿ ಇಳಿದಿದೆ, ಯಾಕೋ ತಿಳಿಯದು’ ಎಂದು ಬರೆದಿದ್ದೀರಿ. ಎಷ್ಟು ಚೆನ್ನಾಗಿ ನೋಡಿದ್ದೀರಿ! ಆದರೆ ಅಲ್ಲೇ ಬಿಟ್ಟು ಮುಂದೆ ಹೋಗಿದ್ದೀರಿ.

ಅದು ಮರದ ತುಂಡುಗಳ ಸಂದು. ಆಗ ಪತ್ರಿಕೆಗಳಲ್ಲಿ ಚಿತ್ರ ಅಚ್ಚಾಗುತ್ತಿದ್ದುದು ಬಾಕ್ಸ್ ಎಂಬ ಗಟ್ಟಿ ಮರದಲ್ಲಿ ಕೆತ್ತಿದ ಹಲಗೆಯಿಂದ. ಈ ಮರದ ಕಾಂಡ ದಪ್ಪ ಇರುವುದಿಲ್ಲ. ಹಾಗಾಗಿ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಅದರ ಮೇಲೆ ಚಿತ್ರ ಬರೆದ ಮೇಲೆ ತುಂಡುಗಳನ್ನು ಬಿಚ್ಚಿ ಬೇರೆ ಬೇರೆ ಕೆತ್ತನೆಗಾರರಿಗೆ ಹಂಚುತ್ತಿದ್ದರು. ವಾರಪತ್ರಿಕೆ ಅಲ್ವಾ, ಒಬ್ಬನೇ ಕೂತು ಕೆತ್ತುವಷ್ಟು ಪುರುಸೊತ್ತು ಇರಲಿಲ್ಲ. ಒಬ್ಬ ಒಂಟೆಯ ತಲೆ ಕೆತ್ತುವಾಗ ಇನ್ನೊಬ್ಬ ಅದರ ಮೈ ಕೆತ್ತುತ್ತಿದ್ದ. ಮತ್ತೆ ಜೋಡಿಸಿದಾಗ ಎಲ್ಲೋ ಕೂದಲಿನಷ್ಟು ಸಂದು ಉಳಿದರೆ ಅಚ್ಚಿನಲ್ಲಿ ಬಿಳಿ ಗೆರೆಯಾಗಿ ಕಾಣುತ್ತಿತ್ತು.

ಅದಕ್ಕೇ ನಿಮ್ಮ ತಲೆಬರಹ ನನಗೆ ಒಪ್ಪಿಗೆಯಿಲ್ಲ. ಯಾರ ಕಣ್ಣು ಅದು? ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನ ಮೆಲ್ಟನ್ ಪ್ರಯರ್, ‘ಗ್ರಾಫಿಕ್’ನ ಫ್ರೆಡರಿಕ್ ವಿಲಿಯರ್ಸ್ ಎಂಬ ಚಿತ್ರಕಾರರು ಸೂಡಾನಿಗೆ ಹೋಗಿದ್ದು ನಿಜ. ಆದರೆ ಅಂಥವರು ಕಳಿಸುತ್ತಿದ್ದುದು ಅವಸರದ ಪೆನ್ಸಿಲ್ ಗೀಟು. ಅದು ಒಂಟೆ, ದೋಣಿ, ಹಡಗು ಹತ್ತಿ ಲಂಡನ್ ಸೇರಬೇಕಿತ್ತು. ಅಲ್ಲಿ ಯುದ್ಧಭೂಮಿಗೆ ಹೋಗದವರು ಕೂತು ಅದಕ್ಕೆ ಮುಖ, ಹೊಗೆ, ಆವೇಶ ತುಂಬುತ್ತಿದ್ದರು. ಅಷ್ಟರಲ್ಲಿ ತಂತಿ ಸುದ್ದಿ ಹಳೆಯದಾಗಿರುತ್ತಿತ್ತು. ಖಾರ್ಟೂಮ್ ಬಿದ್ದಿದ್ದು 1885ರ ಜನವರಿ 26ಕ್ಕೆ. ಫೆಬ್ರುವರಿ 5ಕ್ಕೆ ಲಂಡನ್ನಿಗೆ ಗೊತ್ತಾಗಿತ್ತು. ಸೋಲು ತಿಳಿದ ಓದುಗರ ಕೈಗೆ ಆಮೇಲೂ ವಾರಗಟ್ಟಲೆ ಶೌರ್ಯದ ಚಿತ್ರಗಳು ಬರುತ್ತಿದ್ದವು. ಇದನ್ನು ನೀವು ಬರೆಯಲೇಬೇಕು.

ಇನ್ನೊಂದು ತಪ್ಪು. ‘ಬ್ರಿಟಿಷರ ಚೌಕ ಅಲುಗಲಿಲ್ಲ’ ಎಂದಿದ್ದೀರಿ. ಚೌಕ ಅಂದರೆ ಸೈನಿಕರು ನಾಲ್ಕೂ ಕಡೆಗೆ ಮುಖ ಮಾಡಿ ನಿಲ್ಲುವ ವ್ಯೂಹ. ಅಬು ಕ್ಲಿಯಾದಲ್ಲಿ, ಜನವರಿ 17ರಂದು, ಆ ಚೌಕ ಒಡೆಯಿತು. ಬ್ರಿಟಿಷರ ಗಾರ್ಡನರ್ ಗನ್ ಎಂಬ ಮೆಷಿನ್ ಗನ್ ಜಾಮ್ ಆಗಿ ನಿಂತಿತು, ಬ್ರಿಟಿಷ್ ಅಧಿಕಾರಿ ಕರ್ನಲ್ ಬರ್ನಬಿ ಅಲ್ಲೇ ಸತ್ತ. ಬ್ರಿಟಿಷರ ಕಡೆ 70ಕ್ಕಿಂತ ಜಾಸ್ತಿ, ಎದುರು ಕಡೆ ಸುಮಾರು 1,100 ಜನ ಸತ್ತರು. ಚಿತ್ರವನ್ನೇ ಪೂರ್ತಿ ನಂಬಿದರೆ ಹೀಗಾಗುತ್ತದೆ.

ಆ 1,100 ಜನರನ್ನು ನೀವು ‘ಹುಚ್ಚು ದರ್ವೇಶಿಗಳು’ ಎಂದು ಕರೆದಿದ್ದು ನನಗೆ ನೋವಾಯಿತು. ಅದು ಲಂಡನ್ ಪತ್ರಿಕೆಗಳ ಮಾತು. ಮಹದಿಯ ಹಿಂದೆ ನಡೆದ ಅವರು ತಮ್ಮನ್ನು ಅನ್ಸಾರ್, ಅಂದರೆ ನೆರವಾಗುವವರು, ಎಂದು ಕರೆದುಕೊಂಡರು. ಯುದ್ಧಭೂಮಿಗೆ ಹೋದ ಈ ಚಿತ್ರಕಾರರೆಲ್ಲ ಬ್ರಿಟಿಷ್ ಸೇನೆಯ ಕಡೆ ನಿಂತವರು. ಅನ್ಸಾರರು ಅವರಿಗೆ ಕಂಡಿದ್ದು ಈಟಿ ಹಿಡಿದು ಮೇಲೆ ಬೀಳುವಾಗ ಮಾತ್ರ.

ನಮ್ಮ ಕಡೆಯ ಒಂದು ಎಳೆಯೂ ಇದೆ. 1885ರ ಮಾರ್ಚ್ 22ರಂದು ಸೂಡಾನಿನ ಕೆಂಪು ಸಮುದ್ರದ ಬಂದರು ಸುವಾಕಿನ್ ಹತ್ತಿರದ ಟೋಫ್ರೆಕ್‌ನಲ್ಲಿ, ಮುಳ್ಳುಬೇಲಿ ಕಟ್ಟುತ್ತಿದ್ದ ಬ್ರಿಟಿಷರ ಸೇನೆಯ ಮೇಲೆ ದಾಳಿಯಾಯಿತು. ಆ ಸೇನೆಯಲ್ಲಿ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ಪಡೆಯ ಸಿಪಾಯಿಗಳು ಕೂಡ ಇದ್ದರು. ಆ ಕದನದ ಚಿತ್ರಗಳನ್ನು ಹುಡುಕಿ ನೋಡಿ. ಸಿಪಾಯಿಗಳನ್ನು ಎಲ್ಲಿ ನಿಲ್ಲಿಸಿದ್ದಾರೆ, ಮುಖ ಬರೆದಿದ್ದಾರೋ ಇಲ್ಲವೋ ಗಮನಿಸಿ.

ತಿದ್ದಿದ ಲೇಖನವನ್ನು ನನಗೇ ಕಳಿಸಿ, ಒಂಟೆಯಿಂದಲೇ ಶುರು ಮಾಡಿ. ಚಿತ್ರದ ಒಳ್ಳೆಯ ಸ್ಕ್ಯಾನ್ ಸಿಕ್ಕರೆ ಜೊತೆಗಿಡಿ. ಆ ಬಿಳಿ ಗೆರೆ ನಮ್ಮ ಪುಟದಲ್ಲೂ ಕಾಣಬೇಕು.