ಟ್ಯಾಬ್‌ಗೆ ಸಾಲ ಬೇಡ, ಮೊದಲು ಕಾಲೇಜನ್ನು ಕೇಳಿ

ಓದುಗರ ಪತ್ರ: "ಮಗಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದೆ. ಕಾಲೇಜಿನವರು ಕೊಟ್ಟ ಪಟ್ಟಿಯಲ್ಲಿ ಯೂನಿಫಾರಂ, ಶೂ, ಸ್ಟೆತಸ್ಕೋಪ್ ಜೊತೆ 'ಟ್ಯಾಬ್, 10 ಇಂಚಿನದು, ಪೆನ್ ಸಮೇತ' ಅಂತ ಬರೆದಿದ್ದಾರೆ. ಅದೇ ಹಾಳೆಯ ಹಿಂಭಾಗದಲ್ಲಿ, ವಾರ್ಡಿನಲ್ಲಿ ಮೊಬೈಲ್ ಕಂಡರೆ ಕಿತ್ತುಕೊಳ್ಳುತ್ತೇವೆ, ಹಾಸ್ಟೆಲಿನಲ್ಲಿ ರಾತ್ರಿ 9ಕ್ಕೆ ಫೋನನ್ನು ವಾರ್ಡನ್ ಕೈಗೆ ಕೊಡಬೇಕು ಅಂತಲೂ ಇದೆ. ಅವಳ ಹತ್ತಿರ ಒಂದು ಹಳೇ ಫೋನಿದೆ. ಸಂಘದಲ್ಲಿ 25 ಸಾವಿರ ಸಾಲ ಸಿಗುತ್ತೆ. ನನ್ನ ತಂಗಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದ್ದು ಬರೀ ನೋಟ್ ಪುಸ್ತಕದಲ್ಲಿ. ಇಂಜೆಕ್ಷನ್ ಕೊಡೋದು ಕಲಿಯೋಕೆ ಟ್ಯಾಬ್ ಯಾಕೆ ಸಾರ್?"
— ಹೆಸರು ಬೇಡ ಎಂದಿರುವ ಓದುಗರು, ಚಳ್ಳಕೆರೆ ತಾಲ್ಲೂಕು

ಸಂಪಾದಕರ ಉತ್ತರ:

ಸಾಲ ಮಾಡಬೇಡಿ ಅಮ್ಮ. ಮೊದಲ ವರ್ಷಕ್ಕಂತೂ ಖಂಡಿತ ಬೇಡ. ಮಗಳ ಹತ್ತಿರ ಇರುವ ಫೋನು ಕೆಲಸ ಮಾಡುತ್ತಿದ್ದರೆ, ಬ್ಯಾಟರಿ ಒಂದು ದಿನ ನಿಂತರೆ, ಅಷ್ಟು ಸಾಕು.

ಹಾಗಂತ "ಇದೆಲ್ಲ ಯಾಕೆ" ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ನಿಮ್ಮ ತಂಗಿ ನೋಟ್ ಪುಸ್ತಕದಲ್ಲಿ ಕಲಿತು ಒಳ್ಳೆಯ ನರ್ಸ್ ಆಗಿರಬಹುದು. ಆದರೆ ನಿಮ್ಮ ಮಗಳು ಓದಲಿರುವುದು ಬೇರೆ ಪಠ್ಯಕ್ರಮ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೋರ್ಸನ್ನು ಎಂಟು ಸೆಮಿಸ್ಟರ್‌ಗಳಿಗೆ ಬದಲಾಯಿಸಿತು. ಎರಡನೇ ಸೆಮಿಸ್ಟರ್‌ನಲ್ಲಿ ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್ ಎಂಬ ವಿಷಯವೇ ಇದೆ. 40 ಗಂಟೆ ಪಾಠ, 40 ಗಂಟೆ ಲ್ಯಾಬ್. ರೋಗಿಯ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡುವುದು ಹೇಗೆ, ದೂರದಲ್ಲಿರುವ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡಿಸುವುದು ಹೇಗೆ, ಇಂಥವೆಲ್ಲ ಅದರಲ್ಲಿ ಬರುತ್ತವೆ.

ಇಲ್ಲೇ ಒಂದು ಮುಖ್ಯ ವಿಚಾರ ಇದೆ. ನರ್ಸಿಂಗ್ ಕಾಲೇಜಿಗೆ ಮಾನ್ಯತೆ ಬೇಕೆಂದರೆ ಕಂಪ್ಯೂಟರ್ ಲ್ಯಾಬ್ ಇರಲೇಬೇಕು. ಅದರ ಖರ್ಚು ನೀವು ಕಟ್ಟುವ ಫೀಸಿನಲ್ಲಿ ಸೇರಿರುತ್ತದೆ. ಲ್ಯಾಬ್ ಸಂಜೆ ಹೊತ್ತು ತೆರೆದಿರುತ್ತದಾ, ಇಂಟರ್‌ನೆಟ್ ಬರುತ್ತದಾ, ಅಥವಾ ಪರಿಶೀಲನೆಗೆ ಜನ ಬಂದಾಗ ಮಾತ್ರ ಬೀಗ ತೆಗೆಯುತ್ತಾರಾ? ಟ್ಯಾಬ್ ಕೇಳುವ ಕಾಲೇಜಿಗೆ ಈ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಕೆಲಸಕ್ಕೆ ಸೇರಿದ ಮೇಲಂತೂ ಈ ಸಾಧನಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಳ್ಳಿಗಳಲ್ಲಿ ಓಡಾಡುವ ಎಎನ್‌ಎಂಗಳಿಗಾಗಿ, ಅಂದರೆ ಆರೋಗ್ಯ ಸಹಾಯಕಿಯರಿಗಾಗಿ, ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ 'ಅನ್‌ಮೋಲ್' ಎಂಬ ಟ್ಯಾಬ್ ಆ್ಯಪ್ ತಂದಿತು. ಬಸುರಿಯರ ಹೆಸರು, ಮಕ್ಕಳ ಲಸಿಕೆ ಎಲ್ಲ ಅದರಲ್ಲಿ ಹತ್ತಿಸಬೇಕು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಎಷ್ಟೋ ಹುಡುಗಿಯರು ಇವತ್ತು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ, ಅಂದರೆ ಸಿಎಚ್‌ಒಗಳಾಗಿ, ಉಪಕೇಂದ್ರಗಳಲ್ಲಿದ್ದಾರೆ. ಅವರು 'ಇ-ಸಂಜೀವಿನಿ' ಎಂಬ ಸರ್ಕಾರಿ ಆನ್‌ಲೈನ್ ಸೇವೆಯಲ್ಲಿ ರೋಗಿಯನ್ನು ವಿಡಿಯೊ ಮೂಲಕ ಡಾಕ್ಟರ ಎದುರು ಕೂರಿಸುತ್ತಾರೆ. ಬಿ.ಪಿ., ಶುಗರ್ ತಪಾಸಣೆಯ ಲೆಕ್ಕವೂ ಆ್ಯಪ್‌ಗೆ ಹೋಗುತ್ತದೆ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ 'ನಾರ್ಸೆಟ್' ಪರೀಕ್ಷೆ ಕಂಪ್ಯೂಟರಿನಲ್ಲಿ. ಅಮೆರಿಕಕ್ಕೆ ಹೋಗಬೇಕೆಂದರೆ ಬರೆಯುವ 'ಎನ್‌ಕ್ಲೆಕ್ಸ್' ಕೂಡ ಕಂಪ್ಯೂಟರಿನಲ್ಲೇ. ಆದರೆ ಅದನ್ನೆಲ್ಲ ಕಲಿಯಲು ಸ್ವಂತ ಟ್ಯಾಬ್ ಇರಲೇಬೇಕು ಅಂತೇನಿಲ್ಲ. ಟ್ಯಾಬ್‌ನಲ್ಲಿ ಎಂಟ್ರಿ ಮಾಡುವುದನ್ನು ಒಂದೆರಡು ವಾರದಲ್ಲಿ ಕಲಿಯಬಹುದು. ಬಾಣಂತಿಯ ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯಾ ಇಲ್ಲವಾ ಅಂತ ಹೇಳುವುದನ್ನು ಹಾಗೆ ಕಲಿಯಲು ಆಗುವುದಿಲ್ಲ.

ಇನ್ನು ಆ 'ಪೆನ್ ಸಮೇತ' ಎಂಬ ಮಾತು. ಇದು ನನಗೆ ಅರ್ಥವೇ ಆಗಲಿಲ್ಲ. ವಿಶ್ವವಿದ್ಯಾಲಯದ ಥಿಯರಿ ಪರೀಕ್ಷೆ ಇವತ್ತಿಗೂ ಕಾಗದ, ಪೆನ್ನಿನದು. ರೆಕಾರ್ಡ್ ಬುಕ್ಕು, ಕೇರ್ ಪ್ಲಾನು (ರೋಗಿಯ ಆರೈಕೆಯ ಯೋಜನೆ), ಡ್ರಗ್ ಫೈಲು (ಔಷಧಗಳ ವಿವರ) ಸಾಮಾನ್ಯವಾಗಿ ಕೈಯಲ್ಲೇ ಬರೆಯಬೇಕು. ಮೂರು ಗಂಟೆ ಕೂತು ಬರೆಯುವ ಅಭ್ಯಾಸ ಇಲ್ಲದವರು ಪರೀಕ್ಷೆಯಲ್ಲಿ ಒದ್ದಾಡುತ್ತಾರೆ. ಗಾಜಿನ ಮೇಲೆ ಗೀಚಿದರೆ ಆ ಅಭ್ಯಾಸ ಬರುವುದಿಲ್ಲ. ಹಾಂ, ದಪ್ಪ ಪಠ್ಯಪುಸ್ತಕದ ಪಿಡಿಎಫ್ ಓದಲು ದೊಡ್ಡ ಸ್ಕ್ರೀನ್ ಕಣ್ಣಿಗೆ ಹಿತ, ಅದು ನಿಜ. ಮೂರನೇ ವರ್ಷದ ಹೊತ್ತಿಗೆ ಕೈಯಲ್ಲಿ ದುಡ್ಡಿದ್ದರೆ ಒಂದು ಸೆಕೆಂಡ್‌ಹ್ಯಾಂಡ್ ಟ್ಯಾಬ್ ಕೊಡಿಸಿ. ಅವಸರ ಇಲ್ಲ.

ಈಗಿರುವ ಫೋನಿನಲ್ಲೇ ಏನೇನು ಮಾಡಬಹುದು ಅಂತ ಹೇಳುತ್ತೇನೆ. ಮಗಳು ಹೈಸ್ಕೂಲು ಕನ್ನಡದಲ್ಲಿ ಓದಿದ್ದಾಳೆಯೇ ಅಂತ ನೀವು ಬರೆದಿಲ್ಲ. ಓದಿದ್ದರೆ ಮೊದಲ ಆರು ತಿಂಗಳು ಕಷ್ಟ ಆಗುವುದು ಅನಾಟಮಿಯಿಂದಲ್ಲ, ಅದರ ಇಂಗ್ಲಿಷ್‌ನಿಂದ. ಪುಸ್ತಕದಲ್ಲಿ ಕಂಡ ಪದವನ್ನು ಬಾಯಿಬಿಟ್ಟು ಹೇಳಲು ಹೆದರಿ ಕ್ಲಾಸಿನಲ್ಲಿ ಸುಮ್ನೆ ಕೂರುವ ಹುಡುಗಿಯರು ಬೇಕಾದಷ್ಟಿದ್ದಾರೆ. ಫೋನಿನ ಡಿಕ್ಷನರಿ ಅರ್ಥವನ್ನೂ ಹೇಳುತ್ತದೆ, ಉಚ್ಚಾರಣೆಯನ್ನೂ ಕೇಳಿಸುತ್ತದೆ. ಹತ್ತು ಸಲ ಕೇಳಿದರೂ ಬೈಯುವುದಿಲ್ಲ. ಶ್ವಾಸಕೋಶದ ಶಬ್ದಗಳೂ ಅಷ್ಟೇ. ಆಸ್ತಮಾದ ಸುಯ್‌ಗುಟ್ಟುವಿಕೆ, ಕಫ ಕಟ್ಟಿದಾಗಿನ ಚಿಟಪಟ, ಇವನ್ನು ಪುಸ್ತಕ ಎಷ್ಟು ವರ್ಣಿಸಿದರೂ ತಲೆಗೆ ಹೋಗುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಮೊದಲು ಕೇಳಿ, ಆಮೇಲೆ ವಾರ್ಡಿನಲ್ಲಿ ಸ್ಟೆತಸ್ಕೋಪ್ ಇಟ್ಟರೆ ಕಿವಿಗೆ ಗುರುತು ಸಿಗುತ್ತದೆ.

ಹೆರಿಗೆ ವಿಷಯಕ್ಕೆ ಬಂದರೆ 'ಸೇಫ್ ಡೆಲಿವರಿ ಆ್ಯಪ್' ಇದೆ. ಡೆನ್ಮಾರ್ಕಿನ ಮೆಟರ್ನಿಟಿ ಫೌಂಡೇಶನ್ ಮಾಡಿದ್ದು. ಪುಕ್ಕಟೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಏನು ಮಾಡಬೇಕು, ಅಳದ ಮಗುವಿಗೆ ಉಸಿರು ಹೇಗೆ ಕೊಡಬೇಕು ಅಂತ ಚಿತ್ರ ಸಮೇತ ತೋರಿಸುತ್ತದೆ. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ 'ಹೆಲಿನೆಟ್' ಎಂಬ ಡಿಜಿಟಲ್ ಲೈಬ್ರರಿಯೂ ಇದೆ. 2003ರಿಂದ ನಡೆಯುತ್ತಿದೆ. ಪುಸ್ತಕ, ಜರ್ನಲ್ ಎಲ್ಲ ಅದರಲ್ಲಿ ಸಿಗುತ್ತವೆ. ಲೈಬ್ರರಿಯನ್ ಹತ್ತಿರ ಹೋಗಿ ಲಾಗಿನ್ ಕೇಳಲು ಮಗಳಿಗೆ ಹೇಳಿ. ಕೇಳಿದವರಿಗೇ ಸಿಗುವುದು.

ಈಗ ಫೋನು ದಾರಿ ತಪ್ಪಿಸುವ ಜಾಗಗಳು. ಇದನ್ನು ಮಗಳಿಗೆ ಓದಿಸಿ.

ನೆಟ್‌ನಲ್ಲಿ ಸಿಗುವ ಔಷಧದ ಮಾಹಿತಿ ಜಾಸ್ತಿ ಅಮೆರಿಕದ್ದು. ನಮ್ಮ ವಾರ್ಡಿನಲ್ಲಿ ಪ್ಯಾರಾಸಿಟಮಾಲ್ ಅನ್ನುವುದನ್ನು ಅವರು ಅಸಿಟಮಿನೋಫೆನ್ ಅನ್ನುತ್ತಾರೆ. ನಮ್ಮ ಅಡ್ರಿನಲಿನ್ ಅವರ ಎಪಿನೆಫ್ರಿನ್. ನಮ್ಮ ಸಾಲ್ಬುಟಮಾಲ್ ಅವರ ಆಲ್ಬುಟೆರಾಲ್. ಪೆಥಿಡಿನ್ ಅಲ್ಲಿ ಮೆಪೆರಿಡಿನ್. ಕೇಸ್ ಶೀಟಿನಲ್ಲಿ ಡಾಕ್ಟರು ಬರೆಯುವುದು ಇನ್ನೂ ಬೇರೆ, ಎಷ್ಟೋ ಸಲ ಬರೀ ಕಂಪನಿ ಹೆಸರು. ಡೋಲೋ ಅಂತ ಅಮೆರಿಕದ ಆ್ಯಪ್‌ನಲ್ಲಿ ಹುಡುಕಿದರೆ ಏನೂ ಸಿಗದಿರಬಹುದು. ಸಿಗದಿದ್ದರೆ ಪರವಾಗಿಲ್ಲ. ಹೆಸರಿಗೆ ಹತ್ತಿರದ ಇನ್ನೇನೋ ಸಿಕ್ಕಿ, ಅದನ್ನೇ ನಂಬಿಬಿಟ್ಟರೆ ಅಪಾಯ. ಹಾಗಾಗಿ ಕಂಪನಿ ಹೆಸರನ್ನು ಹುಡುಕದೆ, ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಜೆನೆರಿಕ್ ಹೆಸರನ್ನೇ, ಅಂದರೆ ಔಷಧದ ಮೂಲ ಹೆಸರನ್ನೇ, ಓದಿ ಹುಡುಕಬೇಕು.

ಅಳತೆಗಳದ್ದು ಇನ್ನೊಂದು ಗೋಳು. ನಾವು ರಕ್ತದ ಸಕ್ಕರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತೇವೆ. ಬ್ರಿಟನ್ನಿನ ಪುಟ ತೆರೆದರೆ ಅಲ್ಲಿ ಮಿಲಿಮೋಲ್ ಇರುತ್ತದೆ. ಅಲ್ಲಿನ 5.5 ಅಂದರೆ ಇಲ್ಲಿನ ಸುಮಾರು 100. ಹದಿನೆಂಟರಿಂದ ಗುಣಿಸಬೇಕು. ಇದು ಗೊತ್ತಿಲ್ಲದ ಹುಡುಗಿ ಸರಿಯಿರುವ ಸಕ್ಕರೆ ಕಂಡು ಗಾಬರಿ ಬೀಳಬಹುದು, ಗಾಬರಿ ಬೀಳಬೇಕಾದ ಕಡೆ ಸುಮ್ಮನಿರಬಹುದು. ಜ್ವರವೂ ಹಾಗೆಯೇ, ನಮ್ಮ ಚಾರ್ಟಿನಲ್ಲಿ ಸಾಮಾನ್ಯವಾಗಿ ಫ್ಯಾರನ್‌ಹೀಟ್, ಹೊರದೇಶದ ಪುಟಗಳಲ್ಲಿ ಹೆಚ್ಚಾಗಿ ಸೆಲ್ಸಿಯಸ್.

ಇನ್ಸುಲಿನ್ ವಿಷಯವನ್ನಂತೂ ಯಾವ ಹೊರದೇಶದ ವಿಡಿಯೊ ನೋಡಿಯೂ ಕಲಿಯಬಾರದು. ಅವರು ತೋರಿಸುವುದು ಹೆಚ್ಚಾಗಿ ಒಂದು ಎಂ.ಎಲ್‌ನಲ್ಲಿ 100 ಯೂನಿಟ್ ಇರುವ ಇನ್ಸುಲಿನ್. ನಮ್ಮಲ್ಲಿ ಬಾಟಲಿಯಲ್ಲಿ ಬರುವುದರಲ್ಲಿ 40 ಯೂನಿಟ್‌ನದು ತುಂಬ ಇದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ರೋಗಿಗೆ ಹೋಗುವುದು 20 ಅಲ್ಲ, 50 ಯೂನಿಟ್. ರೋಗಿ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಕುತ್ತು ಬರಬಹುದು. ಕೈಯಲ್ಲಿರುವ ಬಾಟಲಿ ಯಾವುದು, ಸಿರಿಂಜು ಯಾವುದು ಅಂತ ನೋಡಿ ಹೇಳುವುದು ಫೋನಲ್ಲ, ಪಕ್ಕದಲ್ಲಿ ನಿಂತ ಇನ್‌ಚಾರ್ಜ್ ಸಿಸ್ಟರ್.

ಡ್ರಿಪ್ ಲೆಕ್ಕ ಹಾಕಿಕೊಡುವ ಆ್ಯಪ್‌ಗಳೂ ಇವೆ. 500 ಎಂ.ಎಲ್. ಡ್ರಿಪ್ಪು 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟು (ಹನಿ ಬೀಳಿಸುವ ಕೊಳವೆ) ಒಂದು ಎಂ.ಎಲ್‌ಗೆ 20 ಹನಿಯದು. 500ನ್ನು 20ರಿಂದ ಗುಣಿಸಿ 480 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಇದನ್ನು ಮಗಳು ಮೊದಲು ಕಾಗದದ ಮೇಲೆ ಮಾಡಬೇಕು, ಬೇಕಿದ್ದರೆ ಆಮೇಲೆ ಫೋನಿನಲ್ಲಿ ತಾಳೆ ನೋಡಲಿ. ಉತ್ತರ 210 ಅಂತ ಬಂದಾಗ "ಎಲ್ಲೋ ತಪ್ಪಾಗಿದೆ" ಅಂತ ತಕ್ಷಣ ಅನ್ನಿಸಬೇಕಾದರೆ ನೂರಾರು ಲೆಕ್ಕ ಕೈಯಲ್ಲಿ ಮಾಡಿರಬೇಕು. ಈಗ ಎಲ್ಲರೂ ಎಐ ಚಾಟ್‌ಬಾಟ್‌ಗಳನ್ನು ಕೇಳುತ್ತಾರೆ. ಪಾಠ ಅರ್ಥವಾಗದಿದ್ದರೆ ಕೇಳಲಿ, ಕೇರ್ ಪ್ಲಾನ್ ಬರೆಸಿಕೊಳ್ಳುವುದು ಬೇಡ. ಡೋಸ್ ಕೇಳಲೇಬಾರದು.

ವಾರ್ಡಿನಲ್ಲಿ ಫೋನ್ ನಿಷೇಧ ಸರಿಯೇ ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ನಿಷೇಧಕ್ಕೆ ಕಾರಣಗಳಿವೆ. ಫೋನು ಊಟದ ಮೇಜಿಗೂ ಹೋಗುತ್ತದೆ, ಬಾತ್‌ರೂಮಿಗೂ ಹೋಗುತ್ತದೆ, ಗಾಯಕ್ಕೆ ಡ್ರೆಸಿಂಗ್ ಮಾಡುವ ಕೈಗೂ ಬರುತ್ತದೆ. ಕೈ ತೊಳೆದು ಮತ್ತೆ ಫೋನ್ ಮುಟ್ಟಿದರೆ ತೊಳೆದದ್ದು ದಂಡ. ಇದಕ್ಕಿಂತ ದೊಡ್ಡದು ಫೋಟೊ. ರೋಗಿಯ ಗಾಯದ, ಕೇಸ್ ಶೀಟಿನ, ಹುಟ್ಟಿದ ಮಗುವಿನ ಫೋಟೊ ತೆಗೆದು ಸ್ಟೇಟಸ್ ಹಾಕುವವರಿದ್ದಾರೆ. "ಮುಖ ಕಾಣಿಸಲ್ಲ ಬಿಡು" ಅನ್ನುತ್ತಾರೆ. ಸಣ್ಣ ಊರಿನಲ್ಲಿ ಬೆಡ್ ನಂಬರ್ ಸಾಕು ಗುರುತು ಹಿಡಿಯಲು. ಈ ಒಂದು ವಿಷಯದಲ್ಲಿ ನಿಮ್ಮ ಮಗಳು ಯಾರ ಮಾತನ್ನೂ ಕೇಳಬಾರದು, ಗೆಳತಿಯದ್ದೂ, ಸೀನಿಯರ್‌ದ್ದೂ.

ಆದರೆ ಸುಮ್ನೆ ಕಿತ್ತುಕೊಳ್ಳುವುದರಿಂದ ಏನಾಗುತ್ತದೆ? ಹುಡುಗಿಯರು ಫೋನನ್ನು ಕೋಟಿನ ಒಳಜೇಬಿನಲ್ಲಿ ಬಚ್ಚಿಡುತ್ತಾರೆ. ಔಷಧದ ಹೆಸರು ಮರೆತಾಗ ಬಾತ್‌ರೂಮಿಗೆ ಹೋಗಿ ನೋಡುತ್ತಾರೆ, ಅವಸರದಲ್ಲಿ ಅರ್ಧ ಓದುತ್ತಾರೆ. ಅದಕ್ಕಿಂತ ನರ್ಸಿಂಗ್ ಸ್ಟೇಷನ್ನಿನಲ್ಲಿ ಕಾಲೇಜಿನದೇ ಒಂದು ಟ್ಯಾಬ್ ಇರಲಿ. ಕ್ಯಾಮೆರಾ ಬಂದ್ ಮಾಡಿ, ದಿನಕ್ಕೆರಡು ಸಲ ಸ್ಪಿರಿಟ್ ವೈಪ್‌ನಲ್ಲಿ ಒರೆಸಿ, ಒಂದು ಒಳ್ಳೆಯ ಔಷಧ ಕೋಶ ಹಾಕಿಟ್ಟರೆ ಒಂದು ಬ್ಯಾಚ್‌ಗೆ ಸಾಕು. ಮನೆಮನೆಗೂ ಸಾಲ ಮಾಡಿಸುವುದಕ್ಕಿಂತ ಇದು ಅಗ್ಗ. ನಿಮ್ಮ ಪಟ್ಟಿಯಲ್ಲಿ ಇನ್ನೊಂದು ತಮಾಷೆ ಇದೆ. ರಾತ್ರಿ ಫೋನು ಕೊಡಬೇಕು, ಟ್ಯಾಬ್ ಬಗ್ಗೆ ಮಾತಿಲ್ಲ. ಟ್ಯಾಬ್‌ನಲ್ಲೂ ರೀಲ್ಸ್ ಬರುತ್ತೆ ಅಂತ ವಾರ್ಡನ್ ಅವರಿಗೆ ಗೊತ್ತಿಲ್ವಾ!

ಸಾಧನ ಕೊಳ್ಳುವುದನ್ನು ಕಡ್ಡಾಯ ಮಾಡುವುದು ಹೊಸತೇನಲ್ಲ. 2000ದ ಆಸುಪಾಸಿನಲ್ಲಿ ಅಮೆರಿಕದ ಕೆಲವು ನರ್ಸಿಂಗ್ ಕಾಲೇಜುಗಳು ಪಿಡಿಎ ಎಂಬ ಅಂಗೈಯಗಲದ ಯಂತ್ರ ಕೊಳ್ಳಲು ವಿದ್ಯಾರ್ಥಿಗಳಿಗೆ ಹೇಳಿದವು. ಪಾಮ್ ಕಂಪನಿಯದು ಆಗ ಹೆಸರುವಾಸಿ. ಔಷಧದ ಪುಸ್ತಕ ಅದರಲ್ಲೇ ಇರುತ್ತಿತ್ತು, ಕೆಲಸಕ್ಕೂ ಬರುತ್ತಿತ್ತು. 2007ರಲ್ಲಿ ಐಫೋನ್ ಬಂತು. 2010ರಲ್ಲಿ ಪಾಮ್ ಕಂಪನಿ ಎಚ್‌ಪಿಗೆ ಮಾರಾಟವಾಯಿತು, ಮರುವರ್ಷವೇ ಎಚ್‌ಪಿ ಆ ಯಂತ್ರಗಳನ್ನು ಕೈಬಿಟ್ಟಿತು. ನಾಲ್ಕು ವರ್ಷದ ಕೋರ್ಸಿಗೆ ಮೊದಲ ದಿನವೇ ದುಬಾರಿ ಯಂತ್ರ ಕೊಳ್ಳುವುದರಲ್ಲಿ ಈ ತೊಂದರೆ ಯಾವತ್ತೂ ಇದೆ. ಅದರಲ್ಲೂ ಅಗ್ಗದ ಟ್ಯಾಬ್ ಕೊಂಡರೆ ಮೂರನೇ ವರ್ಷಕ್ಕೆ ಆ್ಯಪ್‌ಗಳು ತೆರೆಯುವುದೇ ಇಲ್ಲ.

ಆ ದುಡ್ಡಿನಲ್ಲಿ ಒಂದು ಪಾಲನ್ನು ಬೇರೆ ಕಡೆ ಹಾಕಿ. ಸೆಕೆಂಡ್ ಮುಳ್ಳಿರುವ ಕೈಗಡಿಯಾರ ಕೊಡಿಸಿ. ನಾಡಿ ಎಣಿಸಲು, ಉಸಿರು ಎಣಿಸಲು, ಹನಿ ಎಣಿಸಲು ಅದೇ ಬೇಕು. ಫೋನ್ ಒಳಗಿಟ್ಟ ವಾರ್ಡಿನಲ್ಲಿ ಬೇರೆ ಗತಿಯಿಲ್ಲ. ಸ್ಟೆತಸ್ಕೋಪ್ ತೀರಾ ಅಗ್ಗದ್ದು ಬೇಡ. ಜೇಬಿನಲ್ಲಿ ಹಿಡಿಯುವ ಒಂದು ನೋಟ್ ಪುಸ್ತಕ, ಒಂದು ಪುಟಾಣಿ ಟಾರ್ಚು. ಫೋನಿನ ಬ್ಯಾಟರಿ ಹೋಗಿದ್ದರೆ ಹೊಸದು ಹಾಕಿಸಿ.

ಇಷ್ಟಾದ ಮೇಲೂ ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆಯಿರಿ. ಜಗಳದ ಧಾಟಿ ಬೇಡ. ಟ್ಯಾಬ್ ಕಡ್ಡಾಯವೋ, ಇದ್ದರೆ ಒಳ್ಳೆಯದು ಅಂತಲೋ? ಕಡ್ಡಾಯವಾದರೆ ಯಾವ ಸೆಮಿಸ್ಟರಿನ ಯಾವ ವಿಷಯಕ್ಕೆ? ಕಂಪ್ಯೂಟರ್ ಲ್ಯಾಬ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ? ಇಂಥದೇ ಅಂಗಡಿಯಲ್ಲಿ ಕೊಳ್ಳಬೇಕು ಅಂದರೆ ಯಾಕೆ ಅಂತಲೂ ಕೇಳಿ. ಉತ್ತರ ಬರವಣಿಗೆಯಲ್ಲೇ ಬರಲಿ. ಎಷ್ಟೋ ಪಟ್ಟಿಗಳು ಯಾರೋ ಹಿಂದಿನ ವರ್ಷ ಮಾಡಿದ್ದನ್ನು ನಕಲು ಹೊಡೆದವು. ಕಾಗದ ಹೋದಾಗ ಮೆಲ್ಲಗೆ "ಕಡ್ಡಾಯವಲ್ಲ" ಆಗಿಬಿಡುವುದೂ ಉಂಟು.

ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ. ನಿಮ್ಮ ಹೆಸರು, ಕಾಲೇಜಿನ ಹೆಸರು ಎರಡನ್ನೂ ಬಿಟ್ಟು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಈ ವರ್ಷ ಇದೇ ಪಟ್ಟಿ ಹಿಡಿದು ಕೂತಿರುವ ಬೇರೆ ಮನೆಯವರೂ ಇರುತ್ತಾರೆ ಅಲ್ವಾ.