ಆ್ಯಪ್‌ನಲ್ಲಿ ಬಾಯಿಪಾಠ ಮಾಡಿದ ಚೆಸ್ ಓಪನಿಂಗ್ ಆಟದಲ್ಲಿ ಯಾಕೆ ಮರೆತುಹೋಗುತ್ತೆ?

ಮೂರು ತಿಂಗಳಿಂದ ಆ್ಯಪ್‌ನಲ್ಲಿ ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳನ್ನು, ಕಲಿಯುತ್ತಿದ್ದೀರಿ, ಆಟಕ್ಕೆ ಕೂತರೆ ಎದುರಿನವರು ನಾಲ್ಕನೇ ನಡೆಗೇ ಬೇರೆ ಏನೋ ಆಡುತ್ತಾರೆ, ಅಲ್ಲಿಗೆ ಎಲ್ಲ ಮರೆತುಹೋಗುತ್ತೆ ಅಂತ ಕೇಳಿದ್ದೀರಿ. ನಿಮ್ಮ ಜ್ಞಾಪಕಶಕ್ತಿಗೆ ಏನೂ ಆಗಿಲ್ಲ. ನನಗೂ ಹೀಗೇ ಆಗಿತ್ತು.

ನಾನು ಚಿಕ್ಕಮಗಳೂರಿನವನು. ಕಪ್ಪು ಬಂದರೆ ಕಾರೋ-ಕಾನ್ ಅನ್ನುವ ಓಪನಿಂಗ್ ಆಡುತ್ತೇನೆ. ಬಿಳಿ ಇ4, ನಾವು ಸಿ6, ಆಮೇಲೆ ಡಿ4, ಡಿ5 (ಇವು ಬೋರ್ಡಿನ ಮನೆಗಳ ಹೆಸರು, ಕಾಯಿಯ ಹೆಸರು ಹೇಳದಿದ್ದರೆ ಅಲ್ಲಿಗೆ ಹೋಗುವುದು ಸೈನಿಕ). ಚೆಸ್ಸೆಬಲ್‌ನಂಥ ಆ್ಯಪ್‌ಗಳು ಹೇಗೆ ಕಲಿಸುತ್ತವೆ ಅಂತ ನಿಮಗೆ ಗೊತ್ತೇ ಇದೆ. ಇವತ್ತು ಸರಿಯಾಗಿ ಆಡಿದ ನಡೆಯನ್ನು ನಾಳೆ ಕೇಳುತ್ತವೆ, ಆಮೇಲೆ ಮೂರು ದಿನ ಬಿಟ್ಟು, ವಾರ ಬಿಟ್ಟು. ತಪ್ಪಿದರೆ ಮತ್ತೆ ಮೊದಲಿಂದ. ಇನ್ನೇನು ಮರೆಯಬೇಕು ಅನ್ನುವ ಹೊತ್ತಿಗೆ ಕೇಳುವುದರಿಂದ ನಡೆ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಅದು ನಿಜ. ಆದರೆ ನಡೆ ಮಾತ್ರ ಕೂರುತ್ತದೆ.

ಹಾಸನದಲ್ಲಿ ಒಂದು ಭಾನುವಾರ ಟೂರ್ನಿ. ಎದುರಿಗೆ ಹನ್ನೊಂದು ವರ್ಷದ ಹುಡುಗ. ಮೂರನೇ ನಡೆಗೆ ಅವನು ಇ5 ತಳ್ಳಿದ, ನಾನು ಒಂಟೆಯನ್ನು (ಬಿಷಪ್) ಎಫ್5ಕ್ಕೆ ತಂದೆ. ನಾನು ಕಲಿತ ಸಾಲಿನಲ್ಲಿ ಇಲ್ಲಿ ಬಿಳಿ ಕುದುರೆ ಎಫ್3ಕ್ಕೆ ಬರುತ್ತದೆ, ನಾವು ಇ6 ಆಡುತ್ತೇವೆ. ಎಷ್ಟು ಸಲ ಒತ್ತಿದ್ದೆನೋ ಲೆಕ್ಕ ಇಲ್ಲ. ಹುಡುಗ ಎಚ್4 ಆಡಿದ. ಕಣ್ಣಿಗೆ ಕಂಡಿತು, ಆದರೂ ಕೈ ಇ6 ಆಡಿಬಿಟ್ಟಿತು. ಅವನು ಜಿ4. ಒಂಟೆ ಇ4ಕ್ಕೆ ಹೋಯಿತು, ಅವನು ಎಫ್3. ಜಿ6ಕ್ಕೆ ಬಂತು, ಎಚ್5. ಮುಗೀತು, ಒಂಟೆ ಸಿಕ್ಕಿಬಿತ್ತು. ಅದು ಮನೆಗೆ ವಾಪಸ್ ಹೋಗುವ ದಾರಿಯನ್ನು ಇ6 ಆಡಿ ನಾನೇ ಮುಚ್ಚಿದ್ದೆ. ಸಂಜೆ ಬಸ್ಸು ಬೇಲೂರು ದಾಟುವ ತನಕ ಆ ಒಂಟೆಯೇ ಕಣ್ಣ ಮುಂದೆ.

ಕಾರೋ-ಕಾನ್‌ನಲ್ಲಿ ಇಷ್ಟೆಲ್ಲ ಮಾಡುವುದು ಆ ಒಂಟೆಗಾಗಿಯೇ ಅಲ್ವಾ? ಫ್ರೆಂಚ್ ಡಿಫೆನ್ಸ್ ಅನ್ನುವ ಇನ್ನೊಂದು ಓಪನಿಂಗ್‌ನಲ್ಲಿ ಕಪ್ಪು ಮೊದಲ ನಡೆಗೇ ಇ6 ಆಡುವುದರಿಂದ ಅದು ಒಳಗೇ ಉಳಿಯುತ್ತದೆ. ಇಲ್ಲಿ ಅದನ್ನು ಹೊರಗೆ ತಂದ ಮೇಲೆ ಇ6 ಆಡಿ ಬಾಗಿಲು ಹಾಕುತ್ತೇವೆ. ಹಾಗಾಗಿ ಬಾಗಿಲು ಹಾಕುವ ಮೊದಲು, ಹೊರಗಿರುವ ಒಂಟೆಗೆ ನಿಲ್ಲಲು ಜಾಗ ಇದೆಯಾ ಅಂತ ನೋಡಬೇಕು. ಹುಡುಗನ ಎಚ್4ಗೆ ನಾವು ಎಚ್5 ಆಡಿದರೆ ಬಿಳಿಗೆ ಜಿ4 ಕಷ್ಟವಾಗುತ್ತದೆ, ಎಚ್6 ಆಡಿದರೆ ಒಂಟೆಗೆ ಎಚ್7 ಮನೆ ಖಾಲಿಯಾಗುತ್ತದೆ. 1961ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೋಟ್ವಿನ್ನಿಕ್ ವಿರುದ್ಧ ಮಿಖಾಯಿಲ್ ತಾಲ್ ಆಡಿದ್ದೂ ಇದೇ ಎಚ್4. ಇಷ್ಟು ಅರ್ಥವಾದ ಮೇಲೆ ನಾನು ಅದನ್ನು ಬಾಯಿಪಾಠ ಮಾಡಲೇ ಇಲ್ಲ, ತಾನಾಗಿ ಉಳಿಯಿತು.

ಈಗ ಬೇರೆಯವರ ದೊಡ್ಡ ಕೋರ್ಸ್ ಬಿಟ್ಟು ಲಿಚೆಸ್ ಅನ್ನುವ ಚೆಸ್ ಸೈಟ್‌ನಲ್ಲಿ ನನ್ನದೇ ಸ್ಟಡಿ, ಅಂದರೆ ನಡೆಗಳ ನೋಟ್ಸ್, ಮಾಡಿಕೊಂಡಿದ್ದೇನೆ. ಪೂರ್ತಿ ಉಚಿತ. ಪ್ರತಿ ಆಟ ಮುಗಿದ ಮೇಲೆ ಮೊದಲು ಎಲ್ಲಿ ತಡಕಾಡಿದೆ ಅಂತ ನೋಡಿ ಆ ಒಂದು ನಡೆಯನ್ನು ಮಾತ್ರ ಸೇರಿಸುತ್ತೇನೆ, ಪಕ್ಕದಲ್ಲಿ ಕಾರಣವನ್ನು ಕನ್ನಡದಲ್ಲೇ ಒಂದು ಸಾಲು ಬರೆಯುತ್ತೇನೆ, 'ಒಂಟೆಗೆ ಮನೆ ಬೇಕು' ಅನ್ನುವ ಹಾಗೆ. ಎಂಟು ನಡೆ ದಾಟಿ ಹೋಗುವುದಿಲ್ಲ. ಅಲ್ಲೇ ಓಪನಿಂಗ್ ಎಕ್ಸ್‌ಪ್ಲೋರರ್ ಇದೆ, ಯಾವ ನಡೆಯನ್ನು ಎಷ್ಟು ಜನ ಆಡಿದ್ದಾರೆ ಅಂತ ತೋರಿಸುತ್ತದೆ. ಅದರಲ್ಲಿ ಮಾಸ್ಟರ್‌ಗಳ ಆಟ ಬಿಟ್ಟು ನಿಮ್ಮ ರೇಟಿಂಗ್‌ನವರ ಆಟಗಳನ್ನು ಆರಿಸಿಕೊಳ್ಳಿ, ನಿಮ್ಮ ಎದುರು ನಿಜವಾಗಿ ಏನು ಬರುತ್ತೆ ಅಂತ ಕಾಣುತ್ತದೆ. ನನಗೆ ಗೊತ್ತಿರುವವರಲ್ಲಿ ಇದನ್ನು ಜಾಸ್ತಿ ಜನ ಬಳಸುವುದೇ ಇಲ್ಲ, ನನಗೆ ಬೇಜಾರು.

ಇನ್ನೊಂದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಆಗ ಮರದ ಬೋರ್ಡ್ ಹಾಕಿಕೊಂಡು ಪ್ರತಿ ನಡೆಗೂ ಕಾರಣವನ್ನು ಬಾಯಿಬಿಟ್ಟು ಹೇಳುತ್ತಾ ಆಡುತ್ತೇನೆ. ಕಾರಣ ಬರದ ನಡೆ ಅಲ್ಲೇ ಸಿಕ್ಕಿಬೀಳುತ್ತದೆ.

ನೀವು ಬಿಳಿಯಲ್ಲಿ ಇಟಾಲಿಯನ್ ಓಪನಿಂಗ್ ಆಡುತ್ತೀರಿ ಅಂತ ಬರೆದಿದ್ದೀರಿ. ಸಿ3 ಯಾಕೆ ಆಡುತ್ತೀರಿ? ಡಿ4 ತಳ್ಳಿದಾಗ ಅವರು ಹೊಡೆದರೆ ತಿರುಗಿ ಹೊಡೆಯಲು ಸೈನಿಕ ಇರಲಿ ಅಂತ. ಇದು ಗೊತ್ತಿದ್ದರೆ ಅವರು ಕುದುರೆ ಎಫ್6 ಬದಲು ಡಿ6 ಆಡಿದರೂ ಗಾಬರಿಯಾಗಲ್ಲ, ಡಿ4 ತಳ್ಳುತ್ತೀರಿ. ನಿಮ್ಮ ಕೊನೆಯ ಹತ್ತು ಆಟದಲ್ಲಿ ಮೊದಲು ತಡಕಾಡಿದ ನಡೆ ಯಾವುದು ಅಂತ ಇಲ್ಲಿ ಹಾಕಿ, ಕೂತು ನೋಡೋಣ.